ಹತ್ತರ ಪಕ್ಕದ ಮನೆಯ ಒಂಬತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಒಂಬತ್ತರ ಸುತ್ತಲೇ ಇವೆ. ರೊಕ್ಕದ ಪುಸ್ತಕದಿಂದ ನವರಾತ್ರಿಯ ಮೊಳಕೆಯವರೆಗೆ ಹರಡಿಕೊಂಡಿರುವುದರಿಂದ ಒಂದೇ ಕಂತಿನಲ್ಲಿ ಉತ್ತರಿಸಿದ್ದೇವೆ. ಹೆಚ್ಚು ಜನ ಕೇಳಿದ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

‘ಒಂಬತ್ತು’ ಎಂಬ ಪದದೊಳಗೇ ‘ಹತ್ತು’ ಇದೆಯಂತೆ, ಹೌದೇ? ‘ಒಂಭತ್ತು’ ಎಂದು ಬರೆದ ಮಕ್ಕಳಿಗೆ ಅಂಕ ಕಳೆಯಬೇಕೇ?
— ಪ್ರೌಢಶಾಲೆ ಶಿಕ್ಷಕಿ, ಹೊಸದುರ್ಗ

ಹೌದು, ಇದೆ. ಹಳಗನ್ನಡದಲ್ಲಿ ಹತ್ತು ‘ಪತ್ತು’. ಅದರ ಹಿಂದೆ ಕೂತಿರುವ ‘ಒನ್’ ಒಂದನ್ನು ಸೂಚಿಸುತ್ತದೆ. ಹತ್ತಕ್ಕೆ ಒಂದು ಕಡಿಮೆ ಎಂಬುದು ಈ ಪದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅನುನಾಸಿಕದ ಮುಂದೆ ‘ಪ’ಕಾರ ‘ಬ’ ಆಗುವುದು ನಮ್ಮ ಸಂಧಿಯ ರೂಢಿ, ಹಾಗಾಗಿ ಒಂಬತ್ತು. ‘ಎಂಬತ್ತು’ ಕೂಡ ಹಾಗೇ ಆದದ್ದು, ಆದರೆ ಅಲ್ಲಿ ಎಂಟು ಹತ್ತುಗಳು ಸೇರಿವೆ, ಇಲ್ಲಿ ಹತ್ತರಿಂದ ಒಂದು ಹೋಗಿದೆ. ರೂಪ ಒಂದೇ, ಲೆಕ್ಕ ಬೇರೆ. ತಮಿಳಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರ ತೊಂಬತ್ತು ‘ತೊಣ್ಣೂರು’, ಪದದ ಕೊನೆಯಲ್ಲಿ ನೂರು ಇದ್ದರೂ ಬೆಲೆ ತೊಂಬತ್ತೇ!

ಸಂಸ್ಕೃತದ ‘ಏಕೋನವಿಂಶತಿ’ (ಒಂದು ಕಡಿಮೆ ಇಪ್ಪತ್ತು) ಕೂಡ ಇದೇ ಜಾಡಿನದು. ಹಿಂದಿಯ ಎಣಿಕೆಯಲ್ಲಿ ಕನ್ನಡದವರು ಎಡವುವುದೂ ಇಲ್ಲೇ. ‘ಉನತೀಸ್’ ಎಂದಾಗ ‘ತೀಸ್’ ಕಿವಿಗೆ ಬಿದ್ದು ಮೂವತ್ತರ ಮೇಲಿನದೇನೋ ಎಂದುಕೊಳ್ಳುತ್ತೇವೆ, ಅದು 29. ‘ಉನ’ ಕೇಳಿಸಿದರೆ ಮುಂದಿನ ಹತ್ತರಿಂದ ಒಂದು ಕಳೆಯಿರಿ: ಉನತಾಲೀಸ್ 39, ಉನಸಠ್ 59, ಉನಾಸೀ 79. ಇದಕ್ಕೆ ಹೊರಗುಳಿಯುವುದು ಎರಡೇ, 89 ‘ನವಾಸೀ’ ಮತ್ತು 99 ‘ನಿನ್ಯಾನ್ವೇ’.

ಕಾಗುಣಿತದ ವಿಷಯ: ಮೇಲಿನ ವ್ಯುತ್ಪತ್ತಿಯಲ್ಲಿ ಮಹಾಪ್ರಾಣಕ್ಕೆ ಜಾಗವಿಲ್ಲ, ಆದ್ದರಿಂದ ‘ಒಂಬತ್ತು’ ಸರಿ. ‘ಒಂಭತ್ತು’ ಬಹಳ ಬಳಕೆಯಲ್ಲಿದೆ. ಅಂಕ ಕಳೆಯುವಷ್ಟು ಅಪರಾಧವೇನಲ್ಲ, ತಿದ್ದಿ ಬಿಡಿ.

ಗುಣಾಕಾರ ಸರಿಯಿದೆಯೇ ಎಂದು ಹಿಂದಿನವರು ‘ಒಂಬತ್ತು ತೆಗೆದು’ ನೋಡುತ್ತಿದ್ದರಂತೆ. ಕ್ರಮ ಹೇಳಿ. ಅದು ಯಾಕೆ ಕೆಲಸ ಮಾಡುತ್ತದೆ?
— ನಿವೃತ್ತ ಗುಮಾಸ್ತರು, ಸಾಗರ

4,786ನ್ನು 329ರಿಂದ ಗುಣಿಸಿ 15,74,594 ಬಂತು ಎಂದಿಟ್ಟುಕೊಳ್ಳಿ. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿಸಿ: 4+7+8+6=25, ಮತ್ತೆ ಕೂಡಿಸಿದರೆ 7. ಎರಡನೆಯದು 3+2+9=14, ಅಂದರೆ 5. ಏಳೈದ್ಲೆ 35, ಅದರ ಮೊತ್ತ 8. ಈಗ ಉತ್ತರದ ಅಂಕಿಗಳು: 1+5+7+4+5+9+4=35, ಅದೂ 8. ತಾಳೆಯಾಯಿತು. ಕೂಡುವಾಗ 9 ಕಂಡರೆ ಅಥವಾ 5 ಮತ್ತು 4ರಂತೆ ಒಂಬತ್ತಾಗುವ ಜೋಡಿ ಕಂಡರೆ ಎಣಿಸದೇ ದಾಟಿಬಿಡಬಹುದು, ಅದಕ್ಕೇ ‘ತೆಗೆಯುವುದು’ ಎಂಬ ಮಾತು.

ಭಾಗಾಕಾರದಲ್ಲಿ ಶೇಷವನ್ನು ಮರೆಯಬಾರದು. 1,00,000ವನ್ನು 37ರಿಂದ ಭಾಗಿಸಿದರೆ 2,702, ಶೇಷ 26. ಭಾಜಕದ್ದು 1, ಭಾಗಲಬ್ಧದ್ದು 2, ಗುಣಿಸಿದರೆ 2. ಶೇಷದ 8 ಸೇರಿಸಿದರೆ 10, ಅಂದರೆ 1. ಭಾಜ್ಯದ್ದೂ 1.

ಕಾರಣ ತೀರ ಸರಳ. 10 ಎಂದರೆ 9+1, 100 ಎಂದರೆ 99+1, 1,000 ಎಂದರೆ 999+1. 4,786ರಲ್ಲಿರುವ ನಾಲ್ಕು ಸಾವಿರವೆಂದರೆ ನಾಲ್ಕು 999 ಮತ್ತು ಮೇಲೊಂದು 4, ಏಳು ನೂರೆಂದರೆ ಏಳು 99 ಮತ್ತು 7. ಒಂಬತ್ತರಲ್ಲಿ ನಿಶ್ಶೇಷವಾಗುವ ಭಾಗವೆಲ್ಲ ಉದುರಿದ ಮೇಲೆ ಉಳಿಯುವುದು ಬರೀ 4+7+8+6. ಒಂಬತ್ತರ ಮಹಿಮೆ ಅನ್ನುವುದೆಲ್ಲ ಇಷ್ಟೇ: ಅದು ಹತ್ತರ ಪಕ್ಕದ ಮನೆ. ನಾವು ಎಂಟೆಂಟಾಗಿ ಎಣಿಸಿ ಬರೆಯುವ ಜನವಾಗಿದ್ದರೆ ಈ ಪಟ್ಟ ಏಳಕ್ಕೆ ಸಿಗುತ್ತಿತ್ತು, ಹನ್ನೆರಡಾಗಿ ಎಣಿಸುತ್ತಿದ್ದರೆ ಹನ್ನೊಂದಕ್ಕೆ.

ಈ ವಿಧಾನ ಕೈಕೊಡುವ ಕಡೆಯನ್ನೂ ತಿಳಿದಿರಬೇಕು. ಉತ್ತರವನ್ನು 15,74,954 ಎಂದು ಅದಲು ಬದಲಾಗಿ ಬರೆದರೂ ಮೊತ್ತ ಬದಲಾಗುವುದಿಲ್ಲ, ತಪ್ಪು ಸಲೀಸಾಗಿ ಪಾಸಾಗುತ್ತದೆ. 0 ಇರುವಲ್ಲಿ 9 ಬರೆದರೂ, ಕೊನೆಯ ಸೊನ್ನೆ ಬಿಟ್ಟುಹೋದರೂ ಅಷ್ಟೇ. ಅಂಥ ಅನುಮಾನ ಇದ್ದರೆ ಹನ್ನೊಂದರ ಪರೀಕ್ಷೆಯನ್ನೂ ಮಾಡಿ. ಬಿಡಿಸ್ಥಾನದಿಂದ ಶುರುಮಾಡಿ ಒಂದು ಅಂಕಿ ಕೂಡಿಸಿ, ಮುಂದಿನದು ಕಳೆಯಿರಿ, ಋಣ ಬಂದರೆ 11 ಸೇರಿಸಿ. 4,786ಕ್ಕೆ 6−8+7−4=1. 329ಕ್ಕೆ 9−2+3=10. ಗುಣಲಬ್ಧ 10 ಬರಬೇಕು. ಸರಿಯಾದ ಉತ್ತರಕ್ಕೆ −1 ಬರುತ್ತದೆ, ಅಂದರೆ 10. ಅದಲು ಬದಲಾದದ್ದಕ್ಕೆ 7 ಬಂದು ಕಳ್ಳ ಸಿಕ್ಕಿಬೀಳುತ್ತಾನೆ. ಕಣ್ಣುಮುಚ್ಚಿ ಬರೆದ ತಪ್ಪು ಉತ್ತರ ಒಂಬತ್ತರ ಪರೀಕ್ಷೆಯನ್ನು ದಾಟುವ ಸಾಧ್ಯತೆ ಸುಮಾರು 9ರಲ್ಲಿ 1. ಎರಡನ್ನೂ ದಾಟುವುದು 99ರಲ್ಲಿ 1.

ಈ ಪರೀಕ್ಷೆ 10ನೇ ಶತಮಾನದ ಎರಡನೇ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿದೆ. ‘ವೈದಿಕ ಗಣಿತ’ ಎಂಬ ಹಣೆಪಟ್ಟಿ ಇದಕ್ಕೆ ಆಮೇಲೆ ಅಂಟಿದ್ದು.

ಹಾಲು ಸಂಘದ ಲೆಕ್ಕದಲ್ಲಿ ಜಮೆಗೂ ಖರ್ಚಿಗೂ 450 ರೂಪಾಯಿ ವ್ಯತ್ಯಾಸ ಬರುತ್ತಿದೆ. ‘ಒಂಬತ್ತರಲ್ಲಿ ಭಾಗಿಸಿ ನೋಡು’ ಎಂದು ಹಿರಿಯರೊಬ್ಬರು ಹೇಳಿದರು. ಮುಂದೇನು?
— ಕಾರ್ಯದರ್ಶಿ, ಹುಣಸೂರು ತಾಲ್ಲೂಕು

ಹಿರಿಯರು ಹೇಳಿದ್ದು ಸರಿಯಾದ ಮದ್ದು. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಅಪವರ್ತ್ಯ. ಒಂಬತ್ತರ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವ ಅದೇ ತಪ್ಪು ಇಲ್ಲಿ ಸಿಕ್ಕಿಬೀಳುತ್ತದೆ ಎಂಬುದು ತಮಾಷೆ.

450ನ್ನು 9ರಿಂದ ಭಾಗಿಸಿ: 50. ಕೊನೆಯಲ್ಲಿ ಒಂದು ಸೊನ್ನೆ ಇದೆ, ಆದ್ದರಿಂದ ಅದಲು ಬದಲಾದದ್ದು ಹತ್ತರ ಮತ್ತು ನೂರರ ಸ್ಥಾನ. ಸೊನ್ನೆ ಇಲ್ಲದಿದ್ದರೆ ಬಿಡಿ ಮತ್ತು ಹತ್ತು, ಎರಡು ಸೊನ್ನೆಯಿದ್ದರೆ ನೂರು ಮತ್ತು ಸಾವಿರ. ಉಳಿದ 5 ಆ ಎರಡು ಅಂಕಿಗಳ ನಡುವಿನ ಅಂತರ. ಹಾಗಾಗಿ ಪುಸ್ತಕವನ್ನೆಲ್ಲ ತಿರುವಬೇಕಿಲ್ಲ. ನೂರು-ಹತ್ತರ ಸ್ಥಾನದಲ್ಲಿ 05, 16, 27, 38, 49 ಅಥವಾ ಇವು ತಿರುಗಿರುವ ನಮೂದುಗಳನ್ನಷ್ಟೇ ಮೂಲ ರಶೀದಿ ಜೊತೆ ಹೋಲಿಸಿ. 5,386 ಇರುವುದು 5,836 ಆಗಿರಬಹುದು.

ಭಾಗಲಬ್ಧದಲ್ಲಿ ಸೊನ್ನೆಯಲ್ಲದ ಅಂಕಿ ಒಂದಕ್ಕಿಂತ ಹೆಚ್ಚು ಬಂದರೆ ರೋಗ ಬೇರೆ. 1,200ನ್ನು 120 ಎಂದು ಬರೆದಿದ್ದರೆ ವ್ಯತ್ಯಾಸ 1,080, ಒಂಬತ್ತರಲ್ಲಿ ಭಾಗಿಸಿದರೆ 120, ಅಂದರೆ ತಪ್ಪಾಗಿ ಬರೆದ ಮೊತ್ತವೇ ಕೈಗೆ ಬರುತ್ತದೆ. 11, 22, 33ರಂಥದ್ದು ಬಂದರೆ ಬಿಡಿ ಮತ್ತು ನೂರರ ಸ್ಥಾನ ತಿರುಗಿವೆ: 594ಕ್ಕೆ 495. ವ್ಯತ್ಯಾಸ ಒಂಬತ್ತರಲ್ಲಿ ಹೋಗದೆ ಬರೀ ಎರಡರಲ್ಲಿ ಹೋದರೆ ಅರ್ಧ ಮೊತ್ತದ ನಮೂದು ಹುಡುಕಿ, ಜಮೆಗೆ ಹೋಗಬೇಕಾದ್ದು ಖರ್ಚಿಗೆ ಹೋಗಿರುತ್ತದೆ. ನಿಮ್ಮ 450 ಎರಡರಲ್ಲೂ ಹೋಗುತ್ತದೆ. ಮೇಲಿನ ಜೋಡಿಗಳು ಸಿಗದಿದ್ದರೆ 225ರ ನಮೂದು ನೋಡಿ. ಎರಡು ಬೇರೆ ಬೇರೆ ತಪ್ಪುಗಳು ಕೂಡಿಕೊಂಡಿದ್ದರೆ ಮಾತ್ರ ಈ ಉಪಾಯ ದಾರಿ ತಪ್ಪಿಸುತ್ತದೆ. ಆಗ ದಿನವಾರು ಮೊತ್ತ ಹಾಕಿ ತಪ್ಪು ಯಾವ ದಿನದ್ದೆಂದು ಮೊದಲು ಹಿಡಿಯಿರಿ.

ಕಾರ್ಡ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಜಾಲತಾಣ ತಕ್ಷಣ ಹೇಳಿಬಿಡುತ್ತದೆ. ಅದೂ ಒಂಬತ್ತರ ಲೆಕ್ಕವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಅಲ್ಲ, ಹತ್ತರ ಲೆಕ್ಕ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಅವರ ವಿಧಾನ ಅದು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ದ್ವಿಗುಣ ಮಾಡಿ, ಎರಡಂಕಿ ಬಂದರೆ ಅವನ್ನು ಕೂಡಿಸಿ, ಎಲ್ಲದರ ಮೊತ್ತ ಹತ್ತರಲ್ಲಿ ನಿಶ್ಶೇಷವಾಗಬೇಕು. ಫೋನಿನ 15 ಅಂಕಿಯ ಗುರುತಿನ ಸಂಖ್ಯೆ ಐಎಂಇಐಗೂ ಇದೇ. ಒಂದಂಕಿ ತಪ್ಪಿದರೆ ಖಂಡಿತ ಸಿಗುತ್ತದೆ. ಅಕ್ಕಪಕ್ಕದ್ದು ಅದಲು ಬದಲಾದರೂ ಸಿಗುತ್ತದೆ, ಒಂದೇ ಒಂದು ಜೋಡಿ ಬಿಟ್ಟು: 09 ಮತ್ತು 90. 9ನ್ನು ದ್ವಿಗುಣ ಮಾಡಿದರೆ 18, ಕೂಡಿದರೆ ಮತ್ತೆ 9. ಸೊನ್ನೆಯ ದ್ವಿಗುಣ ಸೊನ್ನೆಯೇ. ಎತ್ತ ತಿರುಗಿಸಿದರೂ ಮೊತ್ತ 9. ಕಳೆದ ಫೋನಿನ ದೂರು ಬರೆಯುವಾಗ ಸೊನ್ನೆ-ಒಂಬತ್ತು ಅಕ್ಕಪಕ್ಕ ಇದ್ದರೆ ಕಣ್ಣಿಟ್ಟು ನೋಡಿ, ಯಂತ್ರ ನೆರವಿಗೆ ಬರುವುದಿಲ್ಲ. ಆಧಾರ್‌ನ 12 ಅಂಕಿಗೆ ಬಳಸುವ ವರ್ಹೂಫ್ ವಿಧಾನದಲ್ಲಿ ಈ ಕಿಂಡಿ ಇಲ್ಲ.

ಜಪಮಾಲೆಗೆ 108 ಯಾಕೆ? ಅಂಕಿ ಕೂಡಿದರೆ 9 ಬರುತ್ತದೆ ಎಂಬುದೇ ಕಾರಣವೇ?
— ಗೃಹಿಣಿ, ಉಡುಪಿ

ಅಂಕಿ ಕೂಡುವುದು ಬಿಡಿ, 117 ಕೂಡಿದರೂ 9 ಬರುತ್ತದೆ, ಅದರ ಮಾಲೆ ಯಾರೂ ಮಾಡಲಿಲ್ಲ. ನಮ್ಮ ಪಂಚಾಂಗದೊಳಗೆ 108ಕ್ಕೆ ಗಟ್ಟಿ ಜಾಗವೊಂದಿದೆ. ಆಕಾಶದ ಸುತ್ತನ್ನು 27 ನಕ್ಷತ್ರಗಳಾಗಿಯೂ ಹಂಚಿದ್ದಾರೆ, 12 ರಾಶಿಗಳಾಗಿಯೂ ಹಂಚಿದ್ದಾರೆ. ಎರಡೂ ಹಂಚಿಕೆಯ ಗಡಿಗಳು ಸರಿಯಾಗಿ ಕೂರುವ ಚಿಕ್ಕ ತುಂಡು ಬೇಕೆಂದರೆ 27 ಮತ್ತು 12ರ ಲಘುತಮ ಸಾಮಾನ್ಯ ಅಪವರ್ತ್ಯ ಹಿಡಿಯಬೇಕು. ಅದು 108. ಆ ತುಂಡೇ ‘ಪಾದ’: ನಕ್ಷತ್ರಕ್ಕೆ 4, ರಾಶಿಗೆ 9, ಒಂದೊಂದು 3 ಅಂಶ (ಡಿಗ್ರಿ) 20 ಕಲೆ (ಅಂಶದ 60ನೇ ಒಂದು ಪಾಲು ಒಂದು ಕಲೆ). ರಾಶಿಯ ಈ ಒಂಬತ್ತನೇ ಒಂದು ಪಾಲೇ ನವಾಂಶ.

ಹಾಗಾಗಿಯೇ ಮೇಷ ರಾಶಿಯಲ್ಲಿ ಅಶ್ವಿನಿಯ 4, ಭರಣಿಯ 4, ಕೃತ್ತಿಕೆಯ 1 ಪಾದ. ಕೃತ್ತಿಕೆಯ ಉಳಿದ ಮೂರು ವೃಷಭಕ್ಕೆ. ‘ನನ್ನದು ಕೃತ್ತಿಕೆ, ಅಂದಮೇಲೆ ಮೇಷ’ ಎಂದು ಪಾದ ನೋಡದೆ ಹೇಳುವವರು ನಾಲ್ಕರಲ್ಲಿ ಮೂರು ಸಲ ತಪ್ಪುತ್ತಾರೆ. ಮಾಲೆಯಲ್ಲಿ 108ರ ಮೇಲೆ ಇರುವ ಮೇರುಮಣಿ ಎಣಿಕೆಗೆ ಸೇರುವುದಿಲ್ಲ.

ಈ ಸಲ ನವರಾತ್ರಿ ಹತ್ತು ದಿನ ಬಂತು ಎನ್ನುತ್ತಾರೆ. ನವ ಎಂದರೆ ಒಂಬತ್ತಲ್ಲವೇ?
— ಓದುಗರು, ಚಾಮರಾಜನಗರ

ಒಂಬತ್ತು ತಿಥಿ, ಒಂಬತ್ತು ದಿನವಲ್ಲ. ಚಂದ್ರ ಸೂರ್ಯನಿಂದ 12 ಅಂಶ ದೂರ ಸರಿಯುವ ಹೊತ್ತು ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ, ಆದ್ದರಿಂದ ತಿಥಿ ಸುಮಾರು 19ರಿಂದ 26 ಗಂಟೆವರೆಗೆ ಹಿಗ್ಗಿ ಕುಗ್ಗುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿಯೇ ದಿನದ ತಿಥಿ ಎಂಬುದು ಸಾಮಾನ್ಯ ರೂಢಿ. ಉದ್ದದ ತಿಥಿ ಎರಡು ಸೂರ್ಯೋದಯಗಳನ್ನು ಹಿಡಿದರೆ ಒಂದು ದಿನ ಹೆಚ್ಚು, ಗಿಡ್ಡ ತಿಥಿ ಒಂದನ್ನೂ ಹಿಡಿಯದಿದ್ದರೆ ಒಂದು ದಿನ ಕಡಿಮೆ. 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಪಾಡ್ಯ, ಅಕ್ಟೋಬರ್ 2ಕ್ಕೆ ವಿಜಯದಶಮಿ, ಮೈಸೂರು ದಸರಾ 11 ದಿನ ನಡೆದದ್ದು ಹೀಗೆ.

ನವಧಾನ್ಯದ ಮೊಳಕೆ ಪ್ರತಿ ವರ್ಷ ಅರ್ಧಂಬರ್ಧ. ಕೆಲವು ಬರುತ್ತವೆ, ಕೆಲವು ಕೊಳೆಯುತ್ತವೆ. ಎಲ್ಲಿ ತಪ್ಪುತ್ತಿದೆ?
— ಗೃಹಿಣಿ, ಬೆಂಗಳೂರು

ಅಂಗಡಿಯಲ್ಲೇ ತಪ್ಪಿರುತ್ತದೆ. ಗ್ರಹಗಳ ಕ್ರಮದಲ್ಲಿ ಪಟ್ಟಿ ಹೀಗೆ: ಸೂರ್ಯನಿಗೆ ಗೋಧಿ, ಚಂದ್ರನಿಗೆ ಭತ್ತ, ಕುಜನಿಗೆ ತೊಗರಿ, ಬುಧನಿಗೆ ಹೆಸರು, ಗುರುವಿಗೆ ಕಡಲೆ, ಶುಕ್ರನಿಗೆ ಅವರೆ, ಶನಿಗೆ ಎಳ್ಳು, ರಾಹುವಿಗೆ ಉದ್ದು, ಕೇತುವಿಗೆ ಹುರುಳಿ. ದಾನಕ್ಕಾದರೆ ಅಕ್ಕಿ, ಬೇಳೆ ನಡೆಯುತ್ತದೆ, ಮೊಳಕೆಗೆ ನಡೆಯುವುದಿಲ್ಲ. ಭತ್ತ ಕುಟ್ಟಿ ಪಾಲಿಷ್ ಮಾಡುವಾಗ ಮೊಳೆಯುವ ಕಣ್ಣೇ ಉದುರಿರುತ್ತದೆ. ಬೇಳೆ ಒಡೆದದ್ದು, ಹುರಿಗಡಲೆ ಸತ್ತದ್ದು. ‘ಇಡಿ ಕಾಳು ಕೊಡಿ’ ಎಂದೇ ಕೇಳಿ. ಎಳ್ಳು ಸಿಪ್ಪೆಯಿರುವ ಕರಿಯದಾಗಲಿ. ಹೋದ ವರ್ಷದ ಡಬ್ಬಿಯ ತಳದ ಅವರೆಯಲ್ಲಿ ಹುಳು ಕೊರೆದ ತೂತು ಇದ್ದರೆ ಅದನ್ನೂ ಬಿಡಿ.

ಎರಡನೇ ತಪ್ಪು, ಒಂಬತ್ತನ್ನೂ ಒಂದೇ ಬಟ್ಟಲಲ್ಲಿ ನೆನೆಹಾಕುವುದು. ಭತ್ತಕ್ಕೆ 24 ಗಂಟೆ ನೀರು, ಮೇಲೆ ಒಂದು ದಿನ ಒದ್ದೆ ಬಟ್ಟೆಯಲ್ಲಿ ಗಂಟು ಬೇಕು. ಗೋಧಿ ಮತ್ತು ಬೇರೆ ಕಾಳುಗಳಿಗೆ 8ರಿಂದ 10 ಗಂಟೆ ಸಾಕು, ಜಾಸ್ತಿ ಬಿಟ್ಟರೆ ಹುಳಿ ವಾಸನೆ ಹಿಡಿದು ಕೊಳೆಯುತ್ತವೆ. ಎಳ್ಳನ್ನು ನೆನೆಸುವುದೇ ಬೇಡ. ಭತ್ತಕ್ಕೆ ಎರಡು ದಿನ ಮೊದಲೇ ಕೈಹಾಕಿದರೆ ಪಾಡ್ಯದ ಹೊತ್ತಿಗೆ ಎಲ್ಲವೂ ಸಮಕ್ಕೆ ಬರುತ್ತವೆ.

ತಳದಲ್ಲಿ ತೂತಿರುವ ಅಗಲ ಮಣ್ಣಿನ ತಟ್ಟೆಗೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು ಬೆರೆಸಿ ಎರಡು ಇಂಚು ಹಾಕಿ. ದೊಡ್ಡ ಕಾಳಿನ ಮೇಲೆ ಅರ್ಧ ಇಂಚು ಮಣ್ಣು, ಎಳ್ಳನ್ನು ಮಾತ್ರ ಒಣ ಮರಳಿನ ಜೊತೆ ಬೆರೆಸಿ ಕೊನೆಯಲ್ಲಿ ಮೇಲ್ಗಡೆ ಉದುರಿಸಿ. ನೀರು ಹೊಯ್ಯಬೇಡಿ, ಬೆಳಿಗ್ಗೆ ಸಂಜೆ ಚಿಮುಕಿಸಿ. ಮಣ್ಣನ್ನು ಹಿಂಡಿದರೆ ನೀರು ಇಳಿಯುವಷ್ಟು ಒದ್ದೆಯಾದರೆ ಬೂಷ್ಟು ಖಚಿತ. ಎರಡು ದಿನ ಬುಟ್ಟಿ ಮುಚ್ಚಿಡಿ, ಆಮೇಲೆ ತೆಗೆಯಿರಿ. ತೆಗೆಯದಿದ್ದರೆ ಹಳದಿ ಬಣ್ಣದ ಉದ್ದ ದಂಟು ಬಂದು ವಾಲುತ್ತದೆ. ಕೆಲವು ಮನೆಗಳಲ್ಲಿ ಅದೇ ಬೇಕೆಂದು ಮುಚ್ಚಿಡುತ್ತಾರೆ, ಅದು ಅವರ ಪದ್ಧತಿ. ಹೆಸರು, ಹುರುಳಿ ಮೊದಲು ತಲೆಯೆತ್ತುತ್ತವೆ, ಅವರೆ, ತೊಗರಿ ನಿಧಾನ. ನಾಲ್ಕನೇ ದಿನಕ್ಕೆ ಅವರೆ ಕಾಣಲಿಲ್ಲವೆಂದು ಮಣ್ಣು ಕೆದಕಬೇಡಿ.

ಹೊಸ ಕಾರಿಗೆ ‘ಕೂಡಿದರೆ ಒಂಬತ್ತು’ ಬರುವ ನಂಬರಿಗೆ ಹೆಚ್ಚು ಹಣ ಕೊಡುವುದು ಸರಿಯೇ?
— ಓದುಗರು, ದಾವಣಗೆರೆ

ನಿಮ್ಮ ಹಣ, ನಿಮ್ಮ ನಂಬಿಕೆ. ಲೆಕ್ಕ ಇಷ್ಟೇ: 0001ರಿಂದ 9999ರ ನಡುವೆ ಕೂಡಿದರೆ ಒಂಬತ್ತು ಬರುವ ಸಂಖ್ಯೆಗಳು 1,111. ಒಂದು ಬರುವವೂ ಅಷ್ಟೇ, ಎಂಟು ಬರುವವೂ ಅಷ್ಟೇ. ಅಪರೂಪದ್ದೇನೂ ಅಲ್ಲ. ಹುಟ್ಟಿದ ದಿನದ ಅಂಕಿ ಕೂಡುವವರಿಗೂ ಒಂದು ಮಾತು. ಗಣರಾಜ್ಯ ಜಾರಿಗೆ ಬಂದ 26-1-1950 ಕೂಡಿದರೆ 6. ಅದೇ ದಿನವನ್ನು ನಮ್ಮ ರಾಷ್ಟ್ರೀಯ ಶಕ ಪಂಚಾಂಗದ ಲೆಕ್ಕದಲ್ಲಿ ಬರೆದರೆ ಮಾಘ 6, ಅಂದರೆ 6-11-1871. ಕೂಡಿದರೆ 7. ಗ್ರಹಗತಿ ಒಂದೇ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಬೇರೆ!

0.999… ಎಂದು ಕೊನೆಯಿಲ್ಲದೆ ಬರೆದರೆ ಅದು 1 ಎಂದು ಉಪನ್ಯಾಸಕರು ಹೇಳಿದರು. ಸ್ವಲ್ಪವಾದರೂ ಕಡಿಮೆ ಇರಬೇಕಲ್ಲ?
— ದ್ವಿತೀಯ ಪಿಯುಸಿ, ಹಾವೇರಿ

ಎಷ್ಟು ಕಡಿಮೆ ಎಂದು ಹೇಳಿ ನೋಡಿ. 0.001 ಅಂದರೆ ನಾಲ್ಕು ಒಂಬತ್ತು ಬರೆದಾಗಲೇ ಅಂತರ ಅದಕ್ಕಿಂತ ಕಿರಿದಾಗಿದೆ. ನೀವು ಯಾವ ಅಂತರ ಹೇಳಿದರೂ ಅದೇ ಗತಿ, ಹಾಗಾಗಿ ಅಂತರ ಸೊನ್ನೆ. ಮೂರನೇ ಒಂದನ್ನು 0.333… ಎಂದು ಒಪ್ಪಿದವರು ಅದನ್ನು ಮೂರರಿಂದ ಗುಣಿಸಿದರೂ ಸಾಕು. 2.5ನ್ನು 2.4999… ಎಂದೂ ಬರೆಯಬಹುದು. ಒಂದೇ ಸಂಖ್ಯೆಗೆ ಎರಡು ವೇಷ.

12345679ನ್ನು 9ರಿಂದ ಗುಣಿಸಿದರೆ ಬರೀ ಒಂದುಗಳು ಬರುತ್ತವೆ. ನಡುವೆ 8 ಯಾಕಿಲ್ಲ?
— ಏಳನೇ ತರಗತಿ, ಗದಗ

ಉತ್ತರ 111111111. ಒಂಬತ್ತು ಒಂದುಗಳು ಕೂಡಿದರೆ 9, ಆದ್ದರಿಂದ ಒಂಬತ್ತರಲ್ಲಿ ಹೋಗಲೇಬೇಕು. ಎಂಟು ಯಾಕಿಲ್ಲವೆಂದು ಭಾಗಾಕಾರ ಮಾಡಿ ನೋಡು: 11ರಲ್ಲಿ ಒಂದ್ಲೆ, ಶೇಷ 2. 21ರಲ್ಲಿ ಎರಡ್ಲೆ, ಶೇಷ 3. ಹೀಗೇ ಶೇಷ ಒಂದೊಂದೇ ಏರುತ್ತ 71ರಲ್ಲಿ ಏಳ್ಲೆ ಆದಾಗ ಶೇಷ 8. ಮುಂದಿನದು 81, ಅಲ್ಲಿ ಎಂಟ್ಲೆ ಅಲ್ಲ, ಒಂಬತ್ಲೆ ನಿಶ್ಶೇಷ. ಎಂಟಕ್ಕೆ ಸರದಿಯೇ ಬರಲಿಲ್ಲ. 27ರಿಂದ ಗುಣಿಸು, ಎಲ್ಲ ಮೂರುಗಳು ಬರುತ್ತವೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಗುಣಾಕಾರಗಳನ್ನು ಕೊರಳಮಾಲೆಗೆ ಹೋಲಿಸಿದ್ದಾರೆ. ಇನ್ನೊಂದು ಮಾಲೆ ಇಲ್ಲಿದೆ, ಕೈಯಿಂದಲೇ ಮಾಡಿ ನೋಡು: 152207 × 73.

ಸಾಲುಮನೆ ಆಟದಲ್ಲಿ ಒಬ್ಬೊಬ್ಬರಿಗೆ ಒಂಬತ್ತೇ ಕಾಯಿ ಯಾಕೆ?
— ಓದುಗರು, ಶಿರಸಿ

ಮೂರು ಕಾಯಿ ಸಾಲಾಗಿಸಿ ಎದುರಾಳಿಯ ಕಾಯಿ ಹೊಡೆಯುವ ಈ ಆಟದ ಮಣೆಯಲ್ಲಿ ಒಂದರೊಳಗೊಂದು ಮೂರು ಚೌಕ, ಒಟ್ಟು 24 ಬಿಂದು. ಇಬ್ಬರ 18 ಕಾಯಿ ಕೂತ ಮೇಲೂ ಕನಿಷ್ಠ 6 ಖಾಲಿ ಉಳಿಯುತ್ತವೆ, ಕಾಯಿ ಸರಿಸಲು ಅಷ್ಟು ಜಾಗ ಬೇಕು. 12 ಕಾಯಿ ಹಿಡಿದು ಆಡಿದರೆ ಯಾರೂ ಯಾರನ್ನೂ ಹೊಡೆಯದಿದ್ದಾಗ ಮಣೆ ತುಂಬಿ ಆಟ ನಿಂತುಬಿಡುತ್ತದೆ. ಹೊಸಬರು ಮೂಲೆ ಹಿಡಿಯುತ್ತಾರೆ. ಮೂಲೆಯಿಂದ ಎರಡೇ ದಾರಿ. ನಡುಚೌಕದ ನಾಲ್ಕು ಬದಿಗಳ ಮಧ್ಯಬಿಂದುಗಳಿಂದ ನಾಲ್ಕು ದಾರಿ, ಮೊದಲ ಕಾಯಿಗಳನ್ನು ಅಲ್ಲಿಡಿ. ಎರಡೂ ಕಡೆಯವರು ತಪ್ಪದೆ ಆಡಿದರೆ ಆಟ ಸಮವಾಗುತ್ತದೆಂದು 1993ರಲ್ಲಿ ರಾಲ್ಫ್ ಗಾಸರ್ ಕಂಪ್ಯೂಟರಿನಿಂದ ತೋರಿಸಿದ್ದಾರೆ. ಎದುರಾಳಿ ತಪ್ಪು ಮಾಡುವವರೆಗೆ ಕಾಯುವುದೇ ಆಟ.